ಬದುಕಿದ್ದೂ ಬಾಗದ ಬೆರಳು

ಆ ಕೈ ಮೊದಲ ಸಲ ನನ್ನ ಮೇಜಿನ ಮೇಲೆ ಬಂದಾಗ ಅದರ ಹೊಲಿಗೆಗೆ ನಾಲ್ಕು ದಿನವಾಗಿತ್ತು. ಬಲಗೈ. ತೋರುಬೆರಳಿನ ಬುಡಕ್ಕೂ ನಡುಗೆಣ್ಣಿಗೂ ಮಧ್ಯೆ ಅಂಕುಡೊಂಕಾದ ಕಪ್ಪು ದಾರ, ಸುತ್ತ ಕಂದಿದ ಚರ್ಮ, ಉಗುರಿನ ಕೆಳಗೆ ಮಾತ್ರ ಒಳ್ಳೆಯ ಗುಲಾಬಿ ಬಣ್ಣ. ಕೇಸ್ ಪೇಪರ್ ತೆರೆದು ಹಿಂದಿಯಲ್ಲಿ ವಿವರ ಕೇಳತೊಡಗಿದೆ. ಊರು ಯಾವುದೆಂದರೆ ಹುಬ್ಬಳ್ಳಿ ಎಂದ. ನಾನು ತಲೆ ಎತ್ತಿ ಕನ್ನಡದಲ್ಲಿ ಮಾತಾಡಿದೆ. ಗಂಡ ಹೆಂಡತಿ ಇಬ್ಬರೂ ಮುಂದಕ್ಕೆ ಬಾಗಿ ಕೂತರು. ಆಮೇಲೆ ಆಕೆ ಎರಡು ವರ್ಷದ ಮಗಳನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿ, "ನಾಕು ದಿನದಿಂದ ಡಾಕ್ಟರು ಏನಂತಾರಂತ ನನಗ ಒಂದೂ ತಿಳಿದಿಲ್ರೀ. ಇನ್ನ ನೀವ ಹೇಳ್ರಿ, ನೀವು ಹೇಳಿದಂಗ ಮಾಡ್ತೀವಿ" ಎಂದಳು.

ಬಂಗಾಳದ ಖಿದಿರ್‌ಪುರದ ಹತ್ತಿರದ ಒಂದು ಟ್ರಸ್ಟ್ ಆಸ್ಪತ್ರೆಯ ಕೈ ವಿಭಾಗದಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಹಡಗುಕಟ್ಟೆಯ ಕೂಲಿಗಳು. ಸರಪಳಿಗೆ ಸಿಕ್ಕ ಕೈ, ಪೆಟ್ಟಿಗೆಯಡಿ ಜಜ್ಜಿದ ಕೈ. ಆದರೆ ಸಾಲ್ಟ್ ಲೇಕಿನ ಐದನೇ ಸೆಕ್ಟರಿನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ವರ್ಷಗಳು ಅವು. ಅಲ್ಲಿಂದ ಬೇರೆ ಬಗೆಯ ಗಾಯಗಳು ಬರತೊಡಗಿದ್ದವು. ಈತ ಆ ಕಟ್ಟಡಗಳ ನೆಲಮಾಳಿಗೆಯಲ್ಲಿ ಆಪ್ಟಿಕಲ್ ಫೈಬರ್ ಜೋಡಿಸುವವನು. ಬೆಂಗಳೂರಿನ ಗುತ್ತಿಗೆದಾರರೊಬ್ಬರ ತಂಡದೊಂದಿಗೆ ಬಂದು, ಖಿದಿರ್‌ಪುರದಲ್ಲಿ ಒಂದು ಕೋಣೆ ಹಿಡಿದು ಸಂಸಾರ ತಂದಿದ್ದ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಮೇಲ್ಹೊದಿಕೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಹಿಡಿದು ಯಂತ್ರದ ಗೀರಿನಲ್ಲಿ ಕೂರಿಸಬೇಕು. ಎಳೆ ಬೆರಳಿನಲ್ಲಿದೆಯೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಚರ್ಮಕ್ಕೆ ಗೊತ್ತಾಗುತ್ತದಂತೆ. ಒಂದು ಬೆಳಿಗ್ಗೆ ದಪ್ಪ ಕೇಬಲ್ ಸೀಳುವಾಗ ಒಳಗಿನ ಉಕ್ಕಿನ ಪಟ್ಟಿ ಸಿಡಿದು ಬೆರಳಿನ ಬುಡಕ್ಕೆ ಹೊಕ್ಕಿತ್ತು.

ಬೆರಳಿನಲ್ಲಿ ಸ್ನಾಯುವಿಲ್ಲ. ಅದನ್ನು ಬಾಗಿಸುವ ಸ್ನಾಯುಗಳು ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಎರಡು ಬಿಳಿ ಹುರಿಗಳು ಬೆರಳಿಗೆ ಬಂದು ಸೇರುತ್ತವೆ. ಮೇಲಿನದು ಬೆರಳ ಬುಡದಲ್ಲಿ ಎರಡಾಗಿ ಸೀಳಿ ದಾರಿ ಬಿಡುತ್ತದೆ, ಕೆಳಗಿನದು ಆ ಸೀಳಿನ ನಡುವೆ ತೂರಿ ತುದಿಯವರೆಗೆ ಹೋಗುತ್ತದೆ. ಎರಡನ್ನೂ ಎಲುಬಿಗೆ ಒತ್ತಿ ಹಿಡಿಯುವ ಉಂಗುರಗಳಿಂದಾದ ಒಂದು ಕಿರಿದಾದ ಕೊಳವೆಯಿದೆ. ಇಷ್ಟು ಬಿಗಿಯಾದ ಏರ್ಪಾಡಿನಿಂದಲೇ ನಾವು ಸೂಜಿಗೆ ದಾರ ಪೋಣಿಸಬಲ್ಲೆವು. ಅದೇ ಬಿಗಿಯಿಂದಾಗಿ ಅಲ್ಲಿ ಗಾಯವಾದರೆ ಗತಿ ಕಷ್ಟ. ಹೊಲಿದ ಹುರಿಗೂ ಕೊಳವೆಯ ಗೋಡೆಗೂ ನಡುವೆ ಜಾಗವೇ ಇಲ್ಲ. ದೇಹಕ್ಕೆ ಗಾಯ ಮುಚ್ಚುವುದಷ್ಟೇ ಗೊತ್ತು. ಹುರಿಯನ್ನು ಹುರಿಗೆ ಅಂಟಿಸುವಾಗಲೇ ಗೋಡೆಗೂ ಅಂಟಿಸಿಬಿಡುತ್ತದೆ. ಅಂಟಬಾರದು ಎಂದರೆ ಅದು ಜಾರುತ್ತಿರಬೇಕು. ಜಾರಿಸಲು ಹೋದರೆ ಹೊಲಿಗೆ ಕಿತ್ತು ಬರಬಹುದು. ಹೊಸದಾಗಿ ಹುಟ್ಟುವ ಎಳೆಗಳು ಮೊದಲು ದಿಕ್ಕಿಲ್ಲದೆ ಹರಡಿಕೊಂಡಿರುತ್ತವೆ, ಎಳೆತ ಬಿದ್ದ ಮೇಲಷ್ಟೇ ಉದ್ದಕ್ಕೆ ಸಾಲುಗೂಡುತ್ತವೆ. ಕೆಲಸ ಮಾಡದೆ ಹುರಿ ಹುರಿಯಾಗುವುದಿಲ್ಲ, ಹುರಿಯಾಗದೆ ಕೆಲಸ ಮಾಡಲಾಗುವುದಿಲ್ಲ. ಈ ಎರಡರ ನಡುವೆ ದಿನಗಳನ್ನು ಲೆಕ್ಕ ಹಾಕಿ ಹೆಜ್ಜೆ ಇಡುವುದೇ ನನ್ನ ಕೆಲಸವಾಗಿತ್ತು.

ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಅವನ ಕೈಗೆ ಒಂದು ಪಟ್ಟಿ ಮಾಡಿದೆ. ಮಣಿಕಟ್ಟು ಸ್ವಲ್ಪ ಬಾಗಿ, ಬೆರಳ ಬುಡಗಳು ಚೆನ್ನಾಗಿ ಬಾಗಿ, ಬೆರಳುಗಳು ಮಾತ್ರ ನೇರ. ಯಾವ ಕಾರಣಕ್ಕೂ ಕೈ ಪೂರ್ತಿ ಬಿಚ್ಚಲಾಗದಂತೆ. ನಮ್ಮ ಸರ್ಜನ್ನರ ನಿಯಮ ಸ್ಪಷ್ಟವಾಗಿತ್ತು: ಮೊದಲ ಮೂರೂವರೆ ವಾರ ಇನ್ನೊಂದು ಕೈ ಮಾತ್ರ ಆ ಬೆರಳನ್ನು ಬಾಗಿಸಬೇಕು, ರೋಗಿ ತಾನಾಗಿ ಬಾಗಿಸಬಾರದು. ಆಮೇಲಷ್ಟೇ ಸ್ವಂತ ಬಲ. ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಆತ ನಾನು ಹೇಳಿದ್ದನ್ನು ಮತ್ತೆ ನನಗೆ ಒಪ್ಪಿಸಿದ. ಸ್ನಾನ ಮಾಡುವಾಗ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತೇನೆ, ಸಾಕೇ ಎಂದು ವಿಚಾರಿಸಿದ. ಅಷ್ಟು ಶಿಸ್ತಿನ ರೋಗಿ ನನಗೆ ಸಿಕ್ಕಿದ್ದು ಕಡಿಮೆ.

ಎರಡನೇ ವಾರದ ಕೊನೆಗೆ ಎರಡು ಒತ್ತಡಗಳು ಒಟ್ಟಿಗೆ ಬಂದವು. ಒಂದು, ದುರ್ಗಾಪೂಜೆ. ಷಷ್ಠಿಯಿಂದ ಐದಾರು ದಿನ ನಮ್ಮ ವಿಭಾಗಕ್ಕೆ ಬೀಗ. ಬೆರಳು ಆಗಲೇ ಬಿಗಿಯುತ್ತಿತ್ತು; ನಾನು ಬಾಗಿಸಿದಾಗ ಕೊನೆಯಲ್ಲಿ ರಬ್ಬರಿನಂಥ ತಡೆ ಸಿಗುತ್ತಿತ್ತು. ಐದು ದಿನ ಬಿಟ್ಟರೆ ಅಂಟಿಯೇ ಬಿಡುತ್ತದೆ ಎನಿಸಿತು. ಇನ್ನೊಂದು, ಅವನ ತಂಡ. "ಮೇಡಂ, ಮುಂದಿನ ತಿಂಗಳು ಟೀಮು ಭುವನೇಶ್ವರಕ್ಕ ಹೊಂಟೈತ್ರಿ. ಅಷ್ಟರಾಗ ಬೆರಳು ಮಡಚಾಕ ಬಂದ್ರ ನನ್ನೂ ಕರಕೊಂಡು ಹೋಗ್ತಾರ" ಎಂದು ಆತ ಎರಡು ಸಲ ಹೇಳಿದ್ದ. ಬೇರೆ ದೇಶಗಳಲ್ಲಿ ಮೊದಲ ವಾರದಿಂದಲೇ ಸ್ವಂತ ಬಲದಲ್ಲಿ ಬಾಗಿಸುವ ಪದ್ಧತಿ ಶುರುವಾಗಿದೆ ಎಂದು ನಾನು ಓದಿದ್ದೆ. ಅದಕ್ಕೆ ಹೊಲಿಗೆಯೇ ಬೇರೆ ಬಗೆಯದಿರಬೇಕು, ಹೆಚ್ಚು ಎಳೆಗಳಿರಬೇಕು ಎಂಬುದನ್ನೂ ಓದಿದ್ದೆ.

ಪೂಜೆಗೆ ಮುಂಚಿನ ಕೊನೆಯ ಬೆಳಿಗ್ಗೆ ಟೇಪಿನಿಂದ ಬೆರಳಿನ ಸುತ್ತಳತೆ ನೋಡಿದೆ. ಹಿಂದಿನ ದಿನಕ್ಕಿಂತ ತುಸು ಜಾಸ್ತಿ ಇತ್ತು. ಊದಿದ ಬೆರಳು ಬಾಗಲು ಹೆಚ್ಚು ಎಳೆತ ಬೇಕು. ಅದು ಗೊತ್ತಿದ್ದೂ ಪಟ್ಟಿ ಸಡಿಲಿಸಿ, ನನ್ನ ತೋರುಬೆರಳ ತುದಿಯನ್ನು ಅವನ ಬೆರಳ ಬುಡದ ಮೇಲಿಟ್ಟು, ಮೆಲ್ಲಗೆ ನೀವೇ ಬಾಗಿಸಿ ಎಂದೆ. ಬಾಗಿತು. ಅವನ ಮುಖ ಅರಳಿತು. ಇನ್ನೊಂದು ಸಲ ಎಂದೆ. ಮೂರನೆಯ ಸಲಕ್ಕೆ ನನ್ನ ಬೆರಳಿನ ಕೆಳಗೆ ಏನೋ ಟಕ್ಕೆಂದಿತು. ಕೇಳಿಸಿದ್ದಲ್ಲ, ತಟ್ಟಿದ್ದು. ಗೋಡೆಯಾಚೆ ಯಾರೋ ಒಂದು ಸಲ ಬೆರಳಿನಿಂದ ಬಡಿದಷ್ಟು. ಅವನಿಗೆ ನೋವಾಗಲಿಲ್ಲ. ಬೆರಳು ಆಮೇಲೂ ಸ್ವಲ್ಪ ಬಾಗುತ್ತಿತ್ತು, ಎರಡರಲ್ಲಿ ಒಂದು ಹುರಿ ಇನ್ನೂ ಹಿಡಿದಿದ್ದಿರಬೇಕು. ಇವತ್ತಿಗೆ ಸಾಕು ಎಂದು ಪಟ್ಟಿ ಕಟ್ಟಿದೆ. ಆತ ಎಡಗೈಯಲ್ಲಿ ನಮಸ್ಕಾರದಂತೆ ಎದೆ ಮುಟ್ಟಿಕೊಂಡು ಹೋದ.

ಸರ್ಜನ್ ಇನ್ನೂ ಮೇಲಿನ ಮಹಡಿಯಲ್ಲೇ ಇದ್ದರು. ಎರಡು ಮೆಟ್ಟಿಲುಸಾಲು ಹತ್ತಿದ್ದರೆ ಆಗುತ್ತಿತ್ತು. ಹತ್ತಲಿಲ್ಲ. ಚರ್ಮದ ಕೆಳಗಿನ ದಾರದ ಗಂಟು ಸರಿದಿರಬಹುದು, ಅಂಟೊಂದು ಬಿಟ್ಟುಕೊಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಹಾಲಾದ ನಮ್ಮ ಕೇರಿಯಲ್ಲಿ ಐದು ದಿನ ಪೂಜೆಯ ಢಾಕ್ ಡೋಲು ಬಾರಿಸಿದರು. ಮನೆಗೆ ಬಂದವರಿಗೆ ಊಟ ಬಡಿಸಿದೆ, ಮಕ್ಕಳನ್ನು ಪೆಂಡಾಲಿಗೆ ಕರೆದೊಯ್ದೆ. ಪಲ್ಯಕ್ಕೆ ಬೀನ್ಸ್ ಮುರಿಯುವಾಗ ಒಂದೊಂದು ಸಲ ಆ ತಟ್ಟು ನನ್ನ ಬೆರಳಿಗೆ ಮತ್ತೆ ಬರುತ್ತಿತ್ತು.

ರಜೆ ಮುಗಿದ ಮೊದಲ ದಿನ ಅವರಿಬ್ಬರೂ ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಕೂತಿದ್ದರು. ಬೆರಳು ನೆಟ್ಟಗಿತ್ತು. ಉಳಿದವು ಮಡಚಿದರೆ ಅದೊಂದು ಮಾತ್ರ ಏನೂ ಕೇಳಿಸದಂತೆ ನಿಂತಿತ್ತು. ಸರ್ಜನ್ ಬಂದು ಎರಡು ಗೆಣ್ಣುಗಳನ್ನೂ ಪರೀಕ್ಷಿಸಿ ನೋಡಿದರು. ಎರಡು ಹುರಿಗಳೂ ಹೋಗಿವೆ ಎಂದರು. ಪೂಜೆಯಲ್ಲಿ ಊರು ಸುತ್ತಿದಿರಾ ಎಂದು ಹಿಂದಿಯಲ್ಲಿ ಕೇಳಿದರು. ಮಗಳಿಗೆ ದೀಪ ತೋರಿಸಲು ಎರಡು ಸಲ ಹೋಗಿದ್ದೆವು ಎಂದ. ಪಟ್ಟಿ ಬಿಚ್ಚಿದ್ದೀರಾ ಎಂದರು. ಆತ ಸರ್ಜನ್ನರಿಗೆ ಇಲ್ಲವೆಂದು ಹೇಳಿ, ನನ್ನತ್ತ ತಿರುಗಿ, "ಬಿಚ್ಚಿಲ್ರೀ ಮೇಡಂ. ಮಗೂನ್ನೂ ಎಡಗೈಯಾಗ ಎತ್ತಿಕೊಂಡೀನಿ" ಎಂದ.

ಸರ್ಜನ್ ನನ್ನ ಅಭಿಪ್ರಾಯ ಕೇಳಿದರು. ನಾನು, ಹೇಳುವುದು ಕಷ್ಟ ಸಾರ್ ಎಂದೆ. ಅಷ್ಟೇ ಎಂದದ್ದು. ಸುಳ್ಳಿನ ಒಂದು ಪದವನ್ನೂ ನಾನು ಆಡಲಿಲ್ಲ. ಅವರು ಕಡತದಲ್ಲಿ ಬರೆದರು: ರಜೆಯ ಅವಧಿಯಲ್ಲಿ ರೋಗಿಯು ಸೂಚನೆ ಮೀರಿ ಪಟ್ಟಿ ತೆಗೆದದ್ದರಿಂದ ಹೊಲಿಗೆ ಹರಿದಿದೆ. ಆ ವಾಕ್ಯ ಒಣಗುವವರೆಗೂ ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ರಜೆಯ ನಂತರ ಆಪರೇಷನ್ನಿಗೆ ಕಾಯುವವರ ಸಾಲು ಉದ್ದವಿತ್ತು. ಅವನ ಸರದಿ ಬರುವಷ್ಟರಲ್ಲಿ ಹರಿದ ಹುರಿಯ ಮೇಲ್ತುಂಡು ಅಂಗೈಯೊಳಕ್ಕೆ ಸೇದಿಹೋಗಿ, ಖಾಲಿಯಾದ ಕೊಳವೆ ಕುಸಿದು ಮುಚ್ಚಿಕೊಂಡಿತ್ತು. ನೇರವಾಗಿ ಮತ್ತೆ ಹೊಲಿಯುವ ಮಾತು ಮುಗಿದಿತ್ತು. ಕೊಳವೆ ಮತ್ತೆ ತೆರೆದುಕೊಳ್ಳಲೆಂದು ಒಂದು ಸಿಲಿಕೋನ್ ಕಡ್ಡಿ ಹಾಕಿ ಮೂರು ತಿಂಗಳು ಕಾಯಬೇಕಾಯಿತು. ಅದನ್ನು ತೆಗೆದ ಮೇಲೆ ಆ ದಾರಿಯಲ್ಲಿ ಅವನದೇ ಮುಂಗೈಯಿಂದ ತೆಗೆದ ತೆಳ್ಳನೆಯ ಹುರಿಯೊಂದನ್ನು ಪೋಣಿಸಿದರು. ಕೆಲವರ ಕೈಯಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದವರಿಗೆ ಅದರ ಕೊರತೆ ತಿಳಿಯುವುದೂ ಇಲ್ಲ. ಕೆಲಸ ಮರೆತ ಆ ಹುರಿಗೆ ಹೊಸ ಕೆಲಸ ಕೊಟ್ಟಿದ್ದೆವು. ಸರ್ಜನ್ ಐದು ಗಂಟೆ ನಿಂತು ಮಾಡಿದ ಕೆಲಸ ಅದು. ಅವರ ಕೈಚಳಕದಲ್ಲಿ ದೋಷ ಹುಡುಕಲು ಬರುವುದಿಲ್ಲ. ಈ ಸಲ ನಾನು ನಿಯಮದಿಂದ ಒಂದು ದಿನವೂ ಆಚೀಚೆ ಹೋಗಲಿಲ್ಲ. ಹೊಸ ಹುರಿ ಹರಿಯಲಿಲ್ಲ. ಅಂಟಿಕೊಂಡಿತು.

ಇಷ್ಟರಲ್ಲಿ ತಂಡ ಭುವನೇಶ್ವರಕ್ಕೆ ಹೋಗಿ ಬೇರೊಬ್ಬನನ್ನು ತೆಗೆದುಕೊಂಡಿತ್ತು. ಗಾಯ ವಾಸಿಯಾಗುವವರೆಗೆ ಗೋದಾಮಿನಲ್ಲಿ ಕೂರಿಸುತ್ತೇವೆ ಎಂದಿದ್ದ ಸೂಪರ್‌ವೈಸರ್, ಡಿಸ್ಚಾರ್ಜ್ ಕಾಗದ ನೋಡಿದ ಮೇಲೆ ಮಾತು ಬದಲಿಸಿದ. ಕೋಣೆಗೆ ಬಂದು, ಹೆಂಡತಿಯ ಎದುರಿಗೇ ಆ ವಾಕ್ಯ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ನಿನ್ನ ಕೈಯಾರೆ ಕೆಡಿಸಿಕೊಂಡದ್ದಕ್ಕೆ ಕಂಪನಿ ಏನು ಮಾಡಲಿ ಎಂದು ಕೇಳಿ ಹೋದನಂತೆ. ಇದನ್ನು ನನಗೆ ಹೇಳಿದ್ದು ಆತನೇ, ಗೆಣ್ಣು ಸಡಿಲಿಸುವ ಬಿಸಿ ಮೇಣದ ಬಟ್ಟಲಿನಲ್ಲಿ ಕೈ ಅದ್ದಿ ಕೂತಿದ್ದಾಗ. ಹೇಳಿ ನನ್ನ ಮುಖ ನೋಡಲಿಲ್ಲ. ನಾನು ಗಡಿಯಾರ ನೋಡಿ, ಇನ್ನೂ ಐದು ನಿಮಿಷ ಇರಲಿ ಎಂದೆ. ಆ ದಿನಗಳಿಂದ ಹೆಂಡತಿ ಅವನ ಜೊತೆ ಬರುವುದನ್ನು ನಿಲ್ಲಿಸಿದ್ದಳು.

ಬೇಸಿಗೆಯ ಹೊತ್ತಿಗೆ ಬೆರಳು ಒಂದು ಸ್ಥಿತಿಗೆ ಬಂದು ನಿಂತಿತು. ನಡುಗೆಣ್ಣಿನಲ್ಲಿ ಅರ್ಧ ಬಾಗಿ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಮೊದಲ ಗಾಯದಲ್ಲೇ ಹೆಬ್ಬೆರಳ ಕಡೆಯ ನರವೂ ಕಡಿದಿತ್ತು. ಅದನ್ನು ಹೊಲಿದಿದ್ದರೂ ಸ್ಪರ್ಶ ತಿರುಗಿ ಬರಲಿಲ್ಲ. ನೋಡಲು ಮಾತ್ರ ಬೆರಳು ಅಚ್ಚುಕಟ್ಟು. ಬೆಚ್ಚಗಿತ್ತು, ಉಗುರು ಬೆಳೆಯುತ್ತಿತ್ತು, ಗಾಯದ ಗೆರೆ ಮಾಸಿತ್ತು. ವಿದ್ಯಾರ್ಥಿಗಳು ಬಂದಾಗ ಸರ್ಜನ್ ಆ ಕೈ ಎತ್ತಿ ತೋರಿಸುತ್ತಿದ್ದರು, ಇಷ್ಟಾದ ಮೇಲೂ ಉಳಿಸಿಕೊಂಡ ಬೆರಳು ಎಂದು.

ನಾನು ನೋಡುತ್ತಿದ್ದುದು ಬೇರೆ. ಕಾಗದ ಎತ್ತುವಾಗ, ಚಹಾದ ಪುಟ್ಟ ಮಣ್ಣಿನ ಭಾಂಡ ಹಿಡಿಯುವಾಗ ಅವನ ಹೆಬ್ಬೆರಳು ತೋರುಬೆರಳನ್ನು ದಾಟಿ ನಡುಬೆರಳಿನ ಕಡೆಗೆ ಹೋಗುತ್ತಿತ್ತು. ಅವನಿಗೆ ಅದು ತಿಳಿದೂ ಇರಲಿಲ್ಲ. ಮಿದುಳು ಆ ಬೆರಳನ್ನು ಲೆಕ್ಕದಿಂದ ತೆಗೆದು ಆಗಿತ್ತು. ಆದರೆ ಬೆರಳು ಜಾಗ ಬಿಡಲೊಲ್ಲದು. ಜೇಬಿಗೆ ಕೈ ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಮುಖ ತೊಳೆದರೆ ಕಣ್ಣಿಗೆ ಚುಚ್ಚುತ್ತದೆ, ಮಗಳ ತಲೆ ಬಾಚಿದರೆ ಕೂದಲಲ್ಲಿ ತೊಡರುತ್ತದೆ. ಬಿಸಿ ತಗುಲಿದ್ದು ಗೊತ್ತಾಗದೆ ಎರಡು ಸಲ ಬೊಬ್ಬೆ ಬಂದಿತ್ತು. ಒಂದು ದಿನ ವ್ಯಾಯಾಮದ ನಡುವೆ ಆತ ನಿಂತು, "ಇದು ನನ್ನ ಬೆರಳಲ್ರೀ ಮೇಡಂ. ನನ್ನ ಕೈಯಾಗ ಯಾರೋ ಬಂದು ಕುಂತಂಗ ಐತಿ" ಎಂದ.

ಅಂದು ಮೇಜಿನ ಮೇಲೆ ಗುಂಡುಸೂಜಿ, ಅಂಗಿಗುಂಡಿ, ನಟ್ಟು, ಅಕ್ಕಿಕಾಳು, ಒಂದು ತುಂಡು ಮೀನುಗಾಳದ ದಾರ ಹರಡಿದೆ. ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಲು ಹೇಳಿ ಸಮಯ ನೋಡಿದೆ. ಆಮೇಲೆ ತೋರುಬೆರಳನ್ನು ಬುಡದಿಂದ ಹಿಂದಕ್ಕೆ ಎಳೆದು ಮುಂಗೈಗೆ ಪಟ್ಟಿ ಬಿಗಿದು, ಅದು ಅಡ್ಡ ಬಾರದಂತೆ ಮಾಡಿ ಮತ್ತೆ ಎತ್ತಿಸಿದೆ. ಅರ್ಧದಷ್ಟು ಸಮಯವೂ ಬೇಕಾಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದಾಗ ವ್ಯತ್ಯಾಸ ಇನ್ನೂ ದೊಡ್ಡದಿತ್ತು. ಮೀನುಗಾಳದ ದಾರವನ್ನು ಹೆಬ್ಬೆರಳು ನಡುಬೆರಳುಗಳ ನಡುವೆ ಹಿಡಿದು ಆತ ಬಹಳ ಹೊತ್ತು ಹೊರಳಿಸುತ್ತಿದ್ದ. ನಾಲ್ಕು ದಿನ ಬಿಟ್ಟುಬಿಟ್ಟು ಇದನ್ನೇ ಮಾಡಿದೆ. ಫಲ ಒಂದೇ.

ಮಾಡಬೇಕಾದ್ದು ನನಗೆ ಸ್ಪಷ್ಟವಾಯಿತು. ಬರೀ ಬೆರಳಲ್ಲ, ಅಂಗೈಯೊಳಗಿನ ಅದರ ಎಲುಬನ್ನೂ ಸೇರಿಸಿ ತೆಗೆಯಬೇಕು. ಆಗ ಹೆಬ್ಬೆರಳಿಗೂ ನಡುಬೆರಳಿಗೂ ನಡುವಿನ ಕಮಾನು ಅಗಲವಾಗಿ ತೆರೆದುಕೊಂಡು, ನಡುಬೆರಳು ತೋರುಬೆರಳಿನ ಕೆಲಸಕ್ಕೆ ನಿಲ್ಲುತ್ತದೆ. ಅಂಗೈ ಕಿರಿದಾಗುತ್ತದೆ, ಸುತ್ತಿಗೆ ಹಿಡಿಯುವ ಬಲ ತಗ್ಗುತ್ತದೆ, ಆದರೆ ಕೈ ಕೈಯಾಗುತ್ತದೆ. ಗರ್ಭದಲ್ಲಿ ಕೈ ಮೊದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ನಡುನಡುವಿನ ಜೀವಕೋಶಗಳು ಸತ್ತು ಜಾಗ ಬಿಟ್ಟಾಗಲೇ ಬೆರಳುಗಳು ಬೇರೆಯಾಗುತ್ತವೆ. ಇದನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದ್ದೆ. ಈಗ ಬೇರೆ ರೀತಿಯಲ್ಲಿ ಓದಿಕೊಂಡೆ.

ಅಳತೆಯ ಹಾಳೆ ಹಿಡಿದು ಸರ್ಜನ್ನರ ಕೋಣೆಗೆ ಹೋದೆ. ಅವರು ಕೊನೆಯವರೆಗೂ ಓದಿದರು. ಬದುಕಿರುವ ಬೆರಳನ್ನು ಕತ್ತರಿಸಲು ನಾನು ಈ ಕೆಲಸಕ್ಕೆ ಬಂದಿಲ್ಲ ಎಂದರು. ಬದುಕಿದೆ, ಆದರೆ ಬೆರಳಾಗಿ ಬದುಕಿಲ್ಲ ಎಂದು ನಾನು ವಾದಿಸಿದೆ. ಅವರಿಗೆ ನನ್ನ ಲೆಕ್ಕ ತಪ್ಪೆನಿಸಿರಲಿಲ್ಲ ಎಂಬುದು ಕಾಣುತ್ತಿತ್ತು. ಅವರ ಅಡ್ಡಿ ಬೇರೆಯದಿತ್ತು. ಕಡತದ ಹಳೆಯ ಪುಟ ತೆರೆದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐದು ದಿನ ಪಟ್ಟಿ ಇಟ್ಟುಕೊಳ್ಳಲು ಆಗದವನು ಇವನು. ಇಂಥವನ ಬೆರಳು ತೆಗೆದು, ಆಮೇಲೆ ಮೂರು ತಿಂಗಳು ಅಭ್ಯಾಸ ಮಾಡುತ್ತಾನೆಂದು ನಂಬಲೇ? ನಾಳೆ ಬಂದು ನನ್ನ ಬೆರಳು ಕತ್ತರಿಸಿದಿರಿ ಎನ್ನುತ್ತಾನೆ."

ಆ ವಾಕ್ಯ ಅಲ್ಲೇ ಇತ್ತು, ನೀಲಿ ಶಾಯಿಯಲ್ಲಿ. ಆ ಕೈಗೆ ಉಳಿದಿದ್ದ ಒಂದೇ ದಾರಿಗೆ ಅಡ್ಡ ಬಿದ್ದದ್ದು ಅದು.

"ಅವನು ಪಟ್ಟಿ ಬಿಚ್ಚಿರಲಿಲ್ಲ ಸಾರ್. ಹೊಲಿಗೆ ಹರಿದದ್ದು ನನ್ನ ಮೇಜಿನ ಮೇಲೆ. ನಿಮ್ಮ ದಿನಕ್ಕಿಂತ ಹತ್ತು ದಿನ ಮೊದಲೇ ನಾನು ಬಾಗಿಸಲು ಹೇಳಿದೆ. ಹರಿದದ್ದು ನನ್ನ ಬೆರಳಿಗೆ ತಿಳಿಯಿತು."

ಅವರು ಕೂಗಾಡಲಿಲ್ಲ. ಯಾವ ದಿನ ಎಂದು ಕೇಳಿದರು. ಹೇಳಿದೆ. ಆ ದಿನ ನಾನು ಮೇಲೆಯೇ ಇದ್ದೆ ಎಂದರು. ಸಂಜೆಯೊಳಗೆ ತೆರೆದಿದ್ದರೆ ಹೊಲಿಯಬಹುದಿತ್ತು ಎಂದರು. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಕೆಳಗೆ ರಸ್ತೆಯಲ್ಲಿ ಟ್ರಾಮೊಂದು ಮುಂದಿನ ಲಾರಿಗಾಗಿ ಗಂಟೆ ಹೊಡೆಯುತ್ತ ನಿಂತಿತ್ತು. ಅದು ಹೊರಡುವವರೆಗೂ ನಾನು ನಿಂತೇ ಇದ್ದೆ. ಕೊನೆಗೆ, ರೋಗಿ ಒಪ್ಪಿದರೆ ಮಾಡುತ್ತೇನೆ, ಆಪರೇಷನ್ ಆದ ನಂತರ ನೀವು ನನ್ನ ವಿಭಾಗದಲ್ಲಿ ಇರುವುದು ಬೇಡ ಎಂದರು. ನನಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ.

ಮರುದಿನ ಅವನನ್ನು ಕೂರಿಸಿಕೊಂಡು ಮೊದಲು ಆಪರೇಷನ್ ವಿವರಿಸಿದೆ. ಎಲುಬು ಎಲ್ಲಿ ಕತ್ತರಿಸುತ್ತಾರೆ, ಕೈ ಹೇಗೆ ಕಾಣುತ್ತದೆ, ಏನು ಬರುತ್ತದೆ, ಏನು ಬರುವುದಿಲ್ಲ. ಆತ ಬೇಗ ಒಪ್ಪಿದ. ಆಮೇಲೆ ಇನ್ನೊಂದು ವಿಷಯ ಇದೆ ಎಂದು ಉಳಿದದ್ದನ್ನು ಹೇಳಿದೆ. ಆತ ಕೇಳುತ್ತಾ ಬಲಗೈಯನ್ನು ಎಡಗೈಯೊಳಗೆ ಮುಚ್ಚಿಕೊಂಡ.

"ಅವತ್ತ ಹೇಳಿದ್ರ ಬೆರಳು ಉಳೀತಿತ್ತೇನ್ರಿ?"

"ಉಳಿಯುತ್ತಿತ್ತೋ ಏನೋ. ಅವತ್ತೇ ಮತ್ತೆ ಹೊಲಿಯಬಹುದಿತ್ತು."

‘ಲಗೂ ಮಾಡ್ರಿ ಅಂತ ನಾನೂ ಕೇಳಿಕೊಂಡಿದ್ನೆಲ್ರೀ’ ಎಂದು ಆತ ಅಂದಾನೆಂದು ನಾನು ಒಳಗೇ ಆಸೆಪಟ್ಟಿದ್ದೆ. ಆತ ಹಾಗೆನ್ನಲಿಲ್ಲ.

"ಬೆರಳಿನ ಮಾತು ಬಿಡ್ರಿ. ಆರೇಳು ತಿಂಗಳಾತು, ನಮ್ಮ ಮನ್ಯಾಗ ನಾ ಸುಳ್ಳುಗಾರ ಆಗೀನಿ. ಪಟ್ಟಿ ಬಿಚ್ಚಿಲ್ಲ ಅಂದ್ರ ಆಕಿ ನಂಬೂದಿಲ್ಲ. ದವಾಖಾನಿ ಕಾಗದ ಸುಳ್ಳು ಹೇಳ್ತೈತೇನು ಅಂತಾಳ."

ನಾನೇ ಬಂದು ಹೇಳುತ್ತೇನೆ ಎಂದೆ. "ನೀವು ಬಾಯಿಲೆ ಹೇಳಿದ್ರ, ನನ್ನ ಮ್ಯಾಲೆ ಕರುಣಾ ಬಂದು ಹೇಳಾಕತ್ತಾರ ಅಂತಾಳ್ರಿ. ಆಕಿ ಕಾಗದ ನೋಡ್ಯಾಳ" ಎಂದು ಎದ್ದು ಹೋದ.

ಆಪರೇಷನ್ನಿಗೆ ಹೆಂಡತಿ ಬಂದಳು. ನನ್ನೊಡನೆ ಮಾತಾಡಿದ್ದು ಒಂದೇ ವಿಷಯಕ್ಕೆ: ತೆಗೆದ ಬೆರಳನ್ನು ಏನು ಮಾಡುತ್ತೀರಿ ಎಂದು. ಸುಡುತ್ತಾರೆ ಎಂದೆ. ನಮಗೆ ಕೊಡಿ, ನಮ್ಮಲ್ಲಿ ಮಣ್ಣು ಮಾಡುತ್ತೇವೆ ಎಂದಳು. ಅರ್ಜಿ ಬರೆದು ಎರಡು ಸಹಿ ಹಾಕಿಸಿ ಕೊಡಿಸಿದೆ. ಗಾಜಿನ ಶೀಸೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಹೋದಳು. ಅವರ ಚರ್ಚಿನ ಫಾದರ್ ಸಮಾಧಿ ನೆಲದ ಅಂಚಿನಲ್ಲಿ ಒಂದು ಗೇಣು ಜಾಗ ಕೊಟ್ಟರೆಂದು ಆಮೇಲೆ ತಿಳಿಯಿತು.

ನನ್ನನ್ನು ಮೊಣಕಾಲು ಬೆನ್ನುಗಳ ವಿಭಾಗಕ್ಕೆ ಹಾಕಿದರು. ಅವನ ಅಭ್ಯಾಸವನ್ನು ನನ್ನ ಕಿರಿಯ ಸಹೋದ್ಯೋಗಿ ನೋಡಿಕೊಂಡಳು. ಕಾರಿಡಾರಿನ ಗಾಜಿನಿಂದ ನನಗೆ ಅವನ ಬೆನ್ನು ಕಾಣುತ್ತಿತ್ತು. ಆರನೇ ವಾರಕ್ಕೆ ಅಂಗಿಗುಂಡಿ ತಾನೇ ಹಾಕುತ್ತಾನೆ, ಎಂಟನೆಯ ವಾರಕ್ಕೆ ಪೆನ್ನು ಹಿಡಿದ ಎಂದು ಆಕೆ ಊಟದ ಹೊತ್ತಿಗೆ ಹೇಳುತ್ತಿದ್ದಳು. ನಡುಬೆರಳು ಮೊದಲಿನಿಂದಲೂ ಅಲ್ಲೇ ಇದ್ದದ್ದೇನೋ ಎಂಬಂತೆ ಕೆಲಸಕ್ಕೆ ಇಳಿದಿತ್ತು. ಗಮನವಿಟ್ಟು ಎಣಿಸದಿದ್ದರೆ ಆ ಕೈಯಲ್ಲಿ ಒಂದು ಕಡಿಮೆ ಎಂದು ತಿಳಿಯುತ್ತಿರಲಿಲ್ಲ. ಆದರೆ ಗುತ್ತಿಗೆದಾರರು ಅವನನ್ನು ಕರೆಯಲಿಲ್ಲ. ಬೇರೆಯವರಲ್ಲಿ ವಿಚಾರಿಸಿದರೆ ನಾಲ್ಕು ಬೆರಳಿನವನು ಬೇಡ ಎಂದರು. ಖಿದಿರ್‌ಪುರದ ಮಾರುಕಟ್ಟೆಯಲ್ಲಿ ಮೊಬೈಲ್ ರಿಪೇರಿಯವನ ಪಕ್ಕ ಬೆಸುಗೆ ಹಾಕಲು ಕೂತ. ಗಾಜಿನ ಎಳೆಯನ್ನು ಅವನು ಮತ್ತೆ ಮುಟ್ಟಿದ್ದು ನನಗೆ ತಿಳಿದ ಮಟ್ಟಿಗೆ ಇಲ್ಲ.

ಕಡತವನ್ನು ಸರ್ಜನ್ ತಿದ್ದಿಸುತ್ತಾರೆ ಎಂದುಕೊಂಡಿದ್ದೆ. ಕೇಳಿದಾಗ, ಹಳೆಯದನ್ನು ಕೆದಕಿದರೆ ಆಸ್ಪತ್ರೆಗೆ ಕೆಟ್ಟ ಹೆಸರು, ಕೈ ಸರಿಹೋಯಿತಲ್ಲ ಎಂದರು. ನನಗೂ ಅದು ಅನುಕೂಲವೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು. ಹೀಗೆ ಇನ್ನೂ ಮೂರು ತಿಂಗಳು ಹೋದವು. ಕೊನೆಯ ತಪಾಸಣೆಯ ದಿನ ಆತ ನನ್ನ ವಿಭಾಗದ ಬಾಗಿಲಿಗೆ ಬಂದ. ಏನೂ ಕೇಳಲಿಲ್ಲ. ಇನ್ನ ಬರೂದಿಲ್ಲ ಅಂತ ಹೇಳಾಕ ಬಂದೆ ಎಂದಷ್ಟೇ ಹೇಳಿ ನಿಂತ. ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

ಅವನು ಹೋದ ಮೇಲೆ ನಾನು ಬೆನ್ನಿನ ರೋಗಿಯೊಬ್ಬರನ್ನು ಕಾಯಿಸಿ ದಾಖಲೆ ಕೋಣೆಗೆ ಇಳಿದೆ. ಅಲ್ಲಿನ ಗುಮಾಸ್ತ ವಯಸ್ಸಾದ ಬಂಗಾಳಿ. ಒಮ್ಮೆ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ, ಕೆಳಗೆ ಸೇರಿಸಬಹುದು, ತಾರೀಖು ಸಹಿ ಬೇಕು ಎಂದರು. ಸೇರಿಸುವುದಕ್ಕೆ ಯಾರ ಅಪ್ಪಣೆ ಎಂದು ಕೇಳಿದರು. ನನ್ನ ಕೆಲಸದ ಬಗ್ಗೆ ನಾನು ಬರೆಯುವುದಕ್ಕೆ ನನ್ನದೇ ಎಂದೆ. ಅವರು ಪೆನ್ನು ಕೊಟ್ಟರು. ನಾಲ್ಕು ಸಾಲು ಬರೆದೆ. ಆಡಳಿತದಿಂದ ವಿವರಣೆ ಕೇಳುವ ಕಾಗದ ಮುಂದಿನ ವಾರ ನನಗೆ ಬಂತು, ವರ್ಷದ ಕೊನೆಗೆ ನಾನು ಆ ಆಸ್ಪತ್ರೆ ಬಿಟ್ಟೆ. ಆ ವಿಷಯ ಇಲ್ಲಿಗೆ ಬೇಕಿಲ್ಲ.

ಆ ಪುಟದ ನಕಲು ತೆಗೆಸಿ, ಮಧ್ಯಾಹ್ನವೇ ಅವರ ಕೋಣೆ ಹುಡುಕಿಕೊಂಡು ಹೋದೆ. ಆತ ಅಂಗಡಿಯಲ್ಲಿದ್ದ. ಆಕೆ ಹೊಸ್ತಿಲ ಬಳಿ ಅಕ್ಕಿ ಆರಿಸುತ್ತಿದ್ದಳು. ಮಗಳು ಹಿಂದಿಯಲ್ಲಿ ಯಾರು ಎಂದು ಕೇಳಿತು, ಆಕೆ ಎದ್ದು ನನಗೆ ಚಾಪೆ ಹಾಕಿದಳು. ನಾನು ನಕಲನ್ನು ಕೈಗೆ ಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿ, ಮುದ್ರೆಯ ಮೇಲೆ ಬೆರಳಾಡಿಸಿ, ಓದಿ ಹೇಳ್ರಿ ಎಂದು ವಾಪಸ್ಸು ಕೊಟ್ಟಳು. ಇಂಗ್ಲಿಷಿನಲ್ಲಿ ನಾನೇ ಬರೆದದ್ದನ್ನು ಕನ್ನಡದಲ್ಲಿ ಹೇಳುವುದು ಅಷ್ಟು ಕಷ್ಟವಾದೀತೆಂದು ಅಂದುಕೊಂಡಿರಲಿಲ್ಲ. ರೋಗಿಯು ಪಟ್ಟಿಯನ್ನು ತೆಗೆದಿರಲಿಲ್ಲ. ಹೇಳಿದ್ದೆಲ್ಲವನ್ನೂ ಪಾಲಿಸಿದ್ದರು. ಅವಧಿಗೆ ಮುಂಚೆ ನಾನು ಮಾಡಿಸಿದ ವ್ಯಾಯಾಮದಿಂದ ಹೊಲಿಗೆ ಹರಿಯಿತು. ಇದು ನನಗೆ ಆ ಹೊತ್ತಿಗೇ ತಿಳಿದಿತ್ತು, ನಾನು ಹೇಳಲಿಲ್ಲ.

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು. ನನ್ನತ್ತ ನೋಡಲಿಲ್ಲ.

"ಮೊದಲನೇ ಸಾಲು ಇನ್ನೊಮ್ಮೆ ಓದ್ರಿ" ಎಂದಳು.

ಓದಿದೆ.

"ಇನ್ನೊಮ್ಮೆ."